ಸುಲಿದು ತಿನ್ನುವವರಿಗೆ ಕಾರಾ ಕಾರಾ ಕಿತ್ತಳೆ

ಚಳಿಗಾಲ ಬಂತೆಂದರೆ ಕ್ಯಾಲಿಫೋರ್ನಿಯಾದ ಅಂಗಡಿಗಳಲ್ಲಿ ಬುಡದಲ್ಲಿ ಹೊಕ್ಕುಳಿನಂಥ ಗುರುತಿರುವ ಸಾಮಾನ್ಯ ನೇವಲ್ ಕಿತ್ತಳೆಯ ಪಕ್ಕದಲ್ಲಿ, ತುಸು ಹೆಚ್ಚಿನ ಬೆಲೆಗೆ, ಕಾರಾ ಕಾರಾ ಹಣ್ಣು ಬಂದು ಕೂರುತ್ತದೆ. ಇದು 1976ರಲ್ಲಿ ವೆನೆಜುವೆಲಾದ ಹಸಿಯೆಂಡಾ ಕಾರಾ ಕಾರಾ ತೋಟದಲ್ಲಿ, ವಾಷಿಂಗ್ಟನ್ ನೇವಲ್ ಮರವೊಂದರಲ್ಲಿ ತಾನಾಗಿ ಕಾಣಿಸಿಕೊಂಡ ತಳಿ. ಹೊರಗಿನಿಂದ ಎರಡನ್ನೂ ಬೇರೆ ಮಾಡುವುದು ಕಷ್ಟ. ಒಳಗಿನ ತಿರುಳು ಮಾತ್ರ ಗುಲಾಬಿ. ಟೊಮೆಟೊ, ಕಲ್ಲಂಗಡಿಗಳಲ್ಲಿರುವ ಲೈಕೋಪಿನ್ ಎಂಬ ಕೆಂಪು ಬಣ್ಣದ ವಸ್ತು ಇದಕ್ಕೆ ಕಾರಣ. ಬಣ್ಣ ಕಣ್ಣಿಗೆ ಚೆಂದವೇ ಆದರೂ, ಹೆಚ್ಚಿನ ಬೆಲೆ ಕೊಡಬೇಕೇ ಎಂಬುದನ್ನು ನಾಲಿಗೆಯೇ ತೀರ್ಮಾನಿಸಬೇಕು.

ಕಿತ್ತಳೆಯ ರುಚಿಯನ್ನು ಅಳೆಯುವವರು ಬಹುಕಾಲ ಸಕ್ಕರೆಯ ಅಂಶವನ್ನು, ಅಂದರೆ ಬ್ರಿಕ್ಸ್ ಅನ್ನು, ಹುಳಿಯ ಅಂಶದಿಂದ ಭಾಗಿಸಿ ನೋಡುತ್ತಿದ್ದರು. ಈ ಲೆಕ್ಕದಲ್ಲಿ ಒಂದು ದೋಷವಿದೆ: ಬ್ರಿಕ್ಸ್ 8, ಹುಳಿ 0.8 ಇರುವ ನೀರುನೀರಾದ ಹಣ್ಣಿಗೂ ಬ್ರಿಕ್ಸ್ 13, ಹುಳಿ 1.3 ಇರುವ ರಸವತ್ತಾದ ಹಣ್ಣಿಗೂ ಉತ್ತರ ಒಂದೇ, 10. ಹೀಗಾಗಿ ಕ್ಯಾಲಿಫೋರ್ನಿಯಾದಲ್ಲಿ ನೇವಲ್‌ಗೆ ಈಗಿರುವ ಮಾನದಂಡದಲ್ಲಿ ಹುಳಿಯ ನಾಲ್ಕು ಪಟ್ಟನ್ನು ಬ್ರಿಕ್ಸ್‌ನಿಂದ ಕಳೆದು, ಉಳಿದುದನ್ನು 16.5ರಿಂದ ಗುಣಿಸುತ್ತಾರೆ, ಕನಿಷ್ಠ 90 ಬರಬೇಕು. ಮೊದಲ ಹಣ್ಣಿಗೆ 79 ಬಂದು ಅದು ಸೋಲುತ್ತದೆ, ಎರಡನೆಯದಕ್ಕೆ 128 ದಾಟುತ್ತದೆ. ತಿನ್ನುವವರ ಅನುಭವಕ್ಕೆ ಈ ಲೆಕ್ಕವೇ ಹತ್ತಿರ ಎಂಬುದು ನನ್ನ ಅಭಿಪ್ರಾಯ.

ಕಾರಾ ಕಾರಾದಲ್ಲಿ ಹುಳಿ ಸಾಮಾನ್ಯ ನೇವಲ್‌ಗಿಂತ ಕಡಿಮೆಯಾದ್ದರಿಂದ ಸಿಹಿ ಮುಂದೆ ನಿಲ್ಲುತ್ತದೆ. ಹದವಾಗಿ ಮಾಗಿದ ಹಣ್ಣಿನ ಒಂದು ತೊಳೆಯನ್ನು ಬಾಯಿಗೆ ಹಾಕಿಕೊಂಡರೆ ತೆಳುವಾದ ಪೊರೆ ಹಲ್ಲಿಗೆ ಸಿಕ್ಕಿದೊಡನೆ ಹರಿಯುತ್ತದೆ, ರಸ ತುಂಬಿಕೊಳ್ಳುತ್ತದೆ, ಅಗಿದ ಮೇಲೆ ಉಗುಳಬೇಕಾದ ನಾರೇನೂ ಉಳಿಯುವುದಿಲ್ಲ. ಬೀಜವಿಲ್ಲ. ಊರಿನ ಮೋಸಂಬಿಯೂ ಇದೇ ಜಾತಿಯ ಹಣ್ಣು, ಅದರಲ್ಲಿ ಹುಳಿ ಇನ್ನೂ ಕಡಿಮೆ. ಆದರೆ ಬೀಜ ಹೆಚ್ಚು, ಸಿಪ್ಪೆ ಬಿಗಿ, ಹಾಗಾಗಿ ಅದು ಹೆಚ್ಚಾಗಿ ಜ್ಯೂಸ್ ಅಂಗಡಿಗೇ ಹೋಗುತ್ತದೆ. ಮೋಸಂಬಿಯ ಸೌಮ್ಯ ರುಚಿಗೆ ಒಗ್ಗಿದವರಿಗೆ ಕಾರಾ ಕಾರಾ ಬೇಗ ಹಿಡಿಸುತ್ತದೆ. ಹುಳಿಯ ಚುರುಕೇ ಬೇಕೆನ್ನುವವರಿಗೆ ಅದು ಸ್ವಲ್ಪ ಸಪ್ಪೆ ಎನಿಸಬಹುದು, ಮಾಗುತ್ತ ಹೋದಂತೆ ಹುಳಿ ಇಳಿಯುವುದರಿಂದ ಋತುವಿನ ಕೊನೆಯಲ್ಲಂತೂ ಖಂಡಿತ.

ದೊಡ್ಡ ಗಾತ್ರಕ್ಕೆ ಮರುಳಾಗಬಾರದು. ಬಹಳ ದೊಡ್ಡ ಹಣ್ಣುಗಳಲ್ಲಿ, ಅದರಲ್ಲೂ ತೊಟ್ಟಿನ ಕಡೆ, ತೊಳೆಯೊಳಗಿನ ರಸದ ಎಳೆಗಳು ಒಣಗಿ ಬೆಂಡಾಗುವುದು ಹೆಚ್ಚು, ಮತ್ತು ಸಿಪ್ಪೆಯ ಹೊಳಪು ಇದನ್ನು ಪೂರ್ತಿಯಾಗಿ ಮುಚ್ಚಿಡುತ್ತದೆ. ಮಧ್ಯಮ ಗಾತ್ರದ, ಕೈಗೆ ಭಾರವೆನಿಸುವ, ನಯವಾದ ಸಿಪ್ಪೆಯ ಹಣ್ಣನ್ನು ಆರಿಸಿಕೊಳ್ಳುವುದು ಕ್ಷೇಮ.

ರಸ ಹಿಂಡಿಡಲು ಮಾತ್ರ ನಾನು ಇದನ್ನು ಶಿಫಾರಸು ಮಾಡಲಾರೆ. ನೇವಲ್ ಗುಂಪಿನ ಹಣ್ಣಿನಲ್ಲಿ ಸುಲಿದು ತಿನ್ನುವಾಗ ಕಹಿ ಇರುವುದಿಲ್ಲ. ಹಿಂಡಿದ ಮೇಲೆ, ರುಚಿಯಿಲ್ಲದ ಒಂದು ವಸ್ತು ರಸದ ಹುಳಿಯಲ್ಲಿ ನಿಧಾನವಾಗಿ ಲಿಮೊನಿನ್ ಆಗಿ ಮಾರ್ಪಟ್ಟು ಕಹಿ ಏರುತ್ತದೆ. ಹಿಂಡಿದ ಕೂಡಲೇ ಕುಡಿಯುವುದಾದರೆ ತೊಂದರೆಯಿಲ್ಲ, ಫ್ರಿಜ್‌ನಲ್ಲಿಟ್ಟು ಮರುದಿನ ಕುಡಿಯುವವರು ರಸಕ್ಕೆ ಹೆಸರಾದ ವೇಲೆನ್ಸಿಯಾ ತಳಿಯ ಕಿತ್ತಳೆ ಕೊಳ್ಳಲಿ. ತಟ್ಟೆಯಲ್ಲಿಟ್ಟು ತೊಳೆ ಬಿಡಿಸಿ ತಿನ್ನುವ ಮನೆಗಳಿಗೆ, ಮುಖ್ಯವಾಗಿ ಹುಳಿಯೆಂದರೆ ಮುಖ ತಿರುಗಿಸುವ ಮಕ್ಕಳಿರುವಲ್ಲಿ, ಕಾರಾ ಕಾರಾಕ್ಕೆ ಕೊಡುವ ಹೆಚ್ಚಿನ ಬೆಲೆ ಸಾರ್ಥಕ.