ನಿಧಾನವಾಗಿ ಒತ್ತುವ ಬೆರಳನ್ನು ಮರೆತ ಆಟೊಕಂಪ್ಲೀಟ್ ಪೆಟ್ಟಿಗೆ

ಎಂಟು ತಿಂಗಳಿಂದ ನಮ್ಮ ವೆಬ್ ಫಾರ್ಮ್‌ಗಳಲ್ಲಿ ಬಳಸುತ್ತಿರುವ ಆಟೊಕಂಪ್ಲೀಟ್ ಲೈಬ್ರರಿಯ, ಅಂದರೆ ಟೈಪಿಸುತ್ತಿದ್ದಂತೆ ಹೊಂದುವ ಹೆಸರುಗಳ ಪಟ್ಟಿ ತೋರಿಸುವ ಸಿದ್ಧ ಕೋಡಿನ, ವಿಮರ್ಶೆ ಇದು. ಅದರ ಹೆಸರು ಹೇಳುವುದಿಲ್ಲ. ದೋಷದ ವರದಿಯನ್ನು ಲೈಬ್ರರಿ ತಯಾರಿಸಿದವರಿಗೇ ಕಳುಹಿಸಿದ್ದೇನೆ. ಹುಡುಕಾಟ ಚುರುಕಾಗಿದೆ. ಬಾಣದ ಕೀಲಿ, ಎಂಟರ್, ಎಸ್ಕೇಪ್ ಎಲ್ಲವೂ ಹೇಳಿದಂತೆ ಕೇಳುತ್ತವೆ. ಅದನ್ನು ಆರಿಸಿಕೊಂಡದ್ದಕ್ಕೆ ಈಗಲೂ ಬೇಸರವಿಲ್ಲ.

ಬೇಸರವಿರುವುದು ಮೌಸ್ ವಿಷಯದಲ್ಲಿ. ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು, “ಹೆಸರಿನ ಮೇಲೆ ಒತ್ತಿದರೆ ಪಟ್ಟಿಯೇ ಮಾಯವಾಗುತ್ತದೆ” ಎಂದರು. ನಾನು ಒತ್ತಿದಾಗ ಒಮ್ಮೆಯೂ ಹಾಗಾಗಲಿಲ್ಲ. ಕೊನೆಗೆ ಅವರ ಪಕ್ಕದಲ್ಲಿ ಕುಳಿತು ನೋಡಿದೆ. ಅವರ ಕೈಗೆ ನಡುಕವಿದೆ. ಗುರಿ ತಪ್ಪಬಾರದೆಂದು ಗುಂಡಿಯನ್ನು ಒತ್ತಿ, ಕೊಂಚ ಹಿಡಿದಿದ್ದು, ಆಮೇಲೆ ಬಿಡುತ್ತಾರೆ.

ಆ ‘ಕೊಂಚ’ದಲ್ಲೇ ದೋಷವಿತ್ತು. ಮೌಸ್ ಗುಂಡಿ ಒತ್ತಿದೊಡನೆ ಮೊದಲು ಮೌಸ್‌ಡೌನ್ ಈವೆಂಟ್ (ಬ್ರೌಸರ್ ಕೋಡಿಗೆ ಕೊಡುವ ಸೂಚನೆ) ಬರುತ್ತದೆ. ಅದರ ಬೆನ್ನಿಗೇ ಟೈಪಿಸುವ ಇನ್‌ಪುಟ್ ಪೆಟ್ಟಿಗೆ ಫೋಕಸ್ ಕಳೆದುಕೊಂಡು ಬ್ಲರ್ ಆಗುತ್ತದೆ, ಅಂದರೆ ಟೈಪಿಸಿದ್ದು ಇನ್ನು ಅದಕ್ಕೆ ಹೋಗುವುದಿಲ್ಲ. ಮೌಸ್‌ಅಪ್ ಮತ್ತು ಕ್ಲಿಕ್ ಬರುವುದು ಬೆರಳು ಎತ್ತಿದ ಮೇಲೆ. ಈ ಲೈಬ್ರರಿ ಬ್ಲರ್ ಆದ 200 ಮಿಲಿಸೆಕೆಂಡಿಗೆ ಪಟ್ಟಿಯನ್ನು ಮುಚ್ಚಿಬಿಡುತ್ತದೆ. ಅಷ್ಟರೊಳಗೆ ಬೆರಳು ಎತ್ತಿದವರಿಗೆ ಹೆಸರು ಸಿಗುತ್ತದೆ, ಉಳಿದವರಿಗೆ ಸಿಗುವುದಿಲ್ಲ. ಫೋನಿನಲ್ಲಿ ಪರೀಕ್ಷಿಸಿದಾಗ ಇದು ಕಾಣಲೂ ಇಲ್ಲ, ಏಕೆಂದರೆ ಅಲ್ಲಿ ಬೆರಳು ಎತ್ತಿದ ನಂತರವೇ ಈ ಮೌಸ್ ಈವೆಂಟ್‌ಗಳೆಲ್ಲ ಒಟ್ಟಿಗೆ ಬರುತ್ತವೆ.

ಕಾಲಾವಧಿಯನ್ನು 500ಕ್ಕೆ ಏರಿಸಿ ಎಂದು ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ, ಇನ್ನೂ ನಿಧಾನವಾಗಿ ಒತ್ತುವವರು ಮತ್ತೆ ಹೊರಗುಳಿಯುತ್ತಾರೆ. ಅದರ ಬದಲು ಪಟ್ಟಿಯ ಮೇಲಾಗುವ ಮೌಸ್‌ಡೌನ್ ಹಿಡಿದು, ಬ್ರೌಸರಿನ ಎಂದಿನ ವರ್ತನೆಯನ್ನು ತಡೆಯುವ ಪ್ರಿವೆಂಟ್‌ಡಿಫಾಲ್ಟ್ ಕರೆದೆ. ಆಗ ಫೋಕಸ್ ಇನ್‌ಪುಟ್‌ನಲ್ಲೇ ನಿಲ್ಲುತ್ತದೆ, ಬ್ಲರ್ ಆಗುವುದೇ ಇಲ್ಲ, ಕ್ಲಿಕ್ ಮಾತ್ರ ಎಂದಿನಂತೆ ಬರುತ್ತದೆ. ಪ್ರತಿ ಅಕ್ಷರಕ್ಕೂ ಲೈಬ್ರರಿ ಪಟ್ಟಿಯನ್ನು ಹೊಸದಾಗಿ ಕಟ್ಟುವುದರಿಂದ ನನ್ನ ಕೋಡನ್ನು ಪಟ್ಟಿಗಲ್ಲ, ಅದನ್ನು ಹೊತ್ತಿರುವ ಹೊರಗಿನ ಡಿವ್‌ಗೆ (ಪುಟದೊಳಗಿನ ಚೌಕಟ್ಟಿಗೆ) ಸೇರಿಸಬೇಕಾಯಿತು. ಒಟ್ಟು ಮೂರು ಸಾಲು.

ಇನ್ನೊಂದು ಕೊರತೆಯೂ ಇದೆ. ಆರಿಸಿದ ಹೆಸರನ್ನು ಲೈಬ್ರರಿ ಸ್ಕ್ರಿಪ್ಟ್ ಮೂಲಕ ಪೆಟ್ಟಿಗೆಗೆ ತುಂಬುತ್ತದೆ. ಹಾಗೆ ತುಂಬಿದಾಗ, ಪೆಟ್ಟಿಗೆಯಲ್ಲಿರುವುದು ಬದಲಾಯಿತೆಂದು ತಿಳಿಸುವ ಚೇಂಜ್ ಈವೆಂಟನ್ನು ಬ್ರೌಸರ್ ತಾನಾಗಿ ಕಳುಹಿಸುವುದಿಲ್ಲ. ಅದು ಬ್ರೌಸರಿನ ತಪ್ಪಲ್ಲ, ನಿಯಮವೇ ಹಾಗಿದೆ. ಕಳುಹಿಸಬೇಕಾದ ಲೈಬ್ರರಿಯೂ ಸುಮ್ಮನಿರುವುದರಿಂದ, ಆ ಈವೆಂಟನ್ನು ನೋಡಿ ಬದಲಾಗಬೇಕಾದ ಮುಂದಿನ ಅಂಕಣದಲ್ಲಿ ಹಳೆಯ ವಿವರವೇ ಉಳಿಯುತ್ತಿತ್ತು. ಡಿಸ್‌ಪ್ಯಾಚ್‌ಈವೆಂಟ್ ಎಂಬ ಆಜ್ಞೆ ಬಳಸಿ ಅದನ್ನು ನಾನೇ ಕಳುಹಿಸಿದೆ. ಮೊದಲ ಸಲ ಏನೂ ಆಗಲಿಲ್ಲ: ನಾವು ಕಿವಿಗೊಟ್ಟಿದ್ದು ಇಡೀ ಫಾರ್ಮ್‌ನ ಮಟ್ಟದಲ್ಲಿ, ಕೈಯಾರೆ ಸೃಷ್ಟಿಸಿದ ಈವೆಂಟೋ ಬಬಲ್ಸ್ ಟ್ರೂ ಎಂದು ಬರೆಯದ ಹೊರತು ಪೆಟ್ಟಿಗೆಯಿಂದ ಮೇಲಕ್ಕೆ, ಅದನ್ನು ಹೊತ್ತ ಫಾರ್ಮ್‌ನವರೆಗೆ, ಏರುವುದಿಲ್ಲ. ಅದನ್ನು ಸೇರಿಸಿದ ಮೇಲೆ ಸರಿಯಾಯಿತು. ಮುಂದಿನ ಆವೃತ್ತಿಯಲ್ಲಿ ಲೈಬ್ರರಿಯೇ ಈವೆಂಟ್ ಕಳುಹಿಸಲು ತೊಡಗಿದರೆ ನನ್ನ ಸಾಲು ಎರಡನೆಯ ಬಾರಿ ಕಳುಹಿಸುತ್ತದೆ; ಅದನ್ನು ಆಗ ತೆಗೆಯಬೇಕೆಂದು ಕೋಡಿನ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಚೇಂಜ್ ಈವೆಂಟಿನ ಕೊರತೆಗೆ ಅರ್ಧ ಅಂಕವಷ್ಟೇ ಕಳೆದಿದ್ದೇನೆ. ಉಳಿದ ಒಂದೂವರೆ, ಅವಸರವಿಲ್ಲದೆ ಒತ್ತುವ ಕೈಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಆ 200 ಮಿಲಿಸೆಕೆಂಡಿಗೆ.