ನನ್ನ ಕಥೆಗಳನ್ನು ನಾನೇ ಅಚ್ಚು ಹಾಕಿಸಿದೆ: ಆನ್‌ಲೈನಾ, ಊರಿನ ಪ್ರೆಸ್ಸಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಊರಿನ ಪ್ರೆಸ್‌ಗೆ. ಆನ್‌ಲೈನ್‌ನಲ್ಲಿ ಒಮ್ಮೆ ಕೈ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು.

ಕಡಲೆಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುತ್ತಿದ್ದವನು ನಾನು. ರಿಟೈರ್ ಆಗುವ ಹೊತ್ತಿಗೆ ಹನ್ನೊಂದು ಕಥೆ ಕೂಡಿದ್ದವು. ಪ್ರಕಾಶಕರ ಉತ್ತರಕ್ಕೆ ವರ್ಷ ಕಾದು, ನಾನೇ ಹಾಕಿಸಿದರಾಯಿತು ಎಂದುಕೊಂಡೆ. ಅಮೆಜಾನ್‌ನ ಇ-ಪುಸ್ತಕದ ಕಿಂಡಲ್ ಮೇಲೆ ಹಳೇ ಮುನಿಸಿತ್ತು: 2016ರಲ್ಲಿ ಐದು ಭಾರತೀಯ ಭಾಷೆಗಳನ್ನು ತಂದಾಗ ಕನ್ನಡ ಅದರಲ್ಲಿ ಇರಲಿಲ್ಲ.

ಮಗಳು ತೋರಿಸಿದ್ದು ಪ್ರಿಂಟ್ ಆನ್ ಡಿಮ್ಯಾಂಡ್. ಆರ್ಡರ್ ಬಂದಾಗ ಒಂದೊಂದೇ ಪ್ರತಿ ಅಚ್ಚಾಗುತ್ತದೆ. ಸ್ಟಾಕ್ ಇಡುವ ತಲೆನೋವಿಲ್ಲ. ಆದರೆ ಆ ಆನ್‌ಲೈನ್‌ನವರಿಗೆ ಯೂನಿಕೋಡ್ ಬೇಕು, ಅಂದರೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ. ನನ್ನದೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ಗಳಲ್ಲಿತ್ತು. ಕನ್ವರ್ಟರ್‌ಗೆ ಹಾಕಿದೆ, ಮೊದಲ ಎರಡು ಪುಟ ನೋಡಿದೆ, ಸರಿ ಇತ್ತು. ಹತ್ತು ಪ್ರತಿ ತರಿಸಿ ಹಂಚಿದೆ.

ಮೂರನೇ ದಿನ ತಂಗಿಯ ಫೋನು. "ಅಣ್ಣಾ, ಈ ಪಾವರ್ತಿ ಯಾರು?"

ಪುಟ 71ರಿಂದ ನನ್ನ ಪಾರ್ವತಿ ಪಾವರ್ತಿ ಆಗಿದ್ದಳು. ವರ್ಷ ವಷರ್, ಸೂರ್ಯ ಸೂಯರ್, ಕರ್ನಾಟಕ ಕನಾರ್ಟಕ. ಹಳೇ ಫಾಂಟ್‌ಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಹಾಗೇ ಅಕ್ಷರದ ಆಮೇಲೆ ಇರುತ್ತದೆ. ಯೂನಿಕೋಡ್‌ನಲ್ಲಿ ರ್ ಮೊದಲು. ಅದನ್ನು ಎತ್ತಿ ಅಕ್ಷರಕ್ಕಿಂತ ಮೊದಲು ಇಡುವುದು ಕನ್ವರ್ಟರ್ ಕೆಲಸ. ಕೊನೆಯ ನಾಲ್ಕು ಕಥೆ ಬೇರೆ ಕಂಪ್ಯೂಟರಿನಲ್ಲಿ, ನುಡಿಯದೇ ಬೇರೆ ಫಾಂಟ್‌ನಲ್ಲಿ ಟೈಪ್ ಆಗಿದ್ದವು. ಅಲ್ಲಿ ಅದು ಕೈಕೊಟ್ಟಿತು. ಪೂರ್ತಿ ನೋಡದೆ ಕಳಿಸಿದ್ದು ನನ್ನ ತಪ್ಪೇ, ಒಪ್ಪಿದೆ. ಆದರೆ ತಿದ್ದಿದ ಫೈಲ್ ಹಾಕಲು ಮತ್ತೆ ಫೀಸು, ಹನ್ನೆರಡು ದಿನದ ಕಾಯುವಿಕೆ. ಮೇಲ್‌ಗೆ ಬರುತ್ತಿದ್ದುದು ಒಂದೇ ರೆಡಿಮೇಡ್ ಉತ್ತರ. ಅಷ್ಟರಲ್ಲಿ ಇನ್ನೂ ಐದು ಪಾವರ್ತಿಯರು ಮಾರಾಟವಾಗಿದ್ದರು.

ಊರಿನ ಪ್ರೆಸ್‌ನಲ್ಲಿ ಡಿಟಿಪಿ ಹುಡುಗನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅವನದೂ ನುಡಿಯೇ, ಕನ್ವರ್ಟ್ ಮಾಡುವ ಗೋಜೇ ಇಲ್ಲ. ಕಾಗದದ ಮೇಲೆ ಪ್ರೂಫ್ ಕೊಟ್ಟ, ಕೆಂಪು ಪೆನ್ನಿನಲ್ಲಿ ಎರಡು ಸಲ ತಿದ್ದಿದೆ. ಡೆಮಿ 1/8 ಎಂಬ ಪುಸ್ತಕದ ಅಳತೆಯಲ್ಲಿ 115 ಪುಟ ಬಂತು. "ಹದಿನಾರು ಪುಟಕ್ಕೆ ಒಂದು ಫಾರಂ ಸಾರ್. 112 ಆದ್ರೆ ಏಳು ಫಾರಂಗೆ ಸರಿಹೋಗುತ್ತೆ, ಮೂರು ಪುಟ ಎಲ್ಲಾದ್ರೂ ಕಮ್ಮಿ ಮಾಡಿ" ಎಂದರು ಮಾಲೀಕರು. ನನ್ನ ಉದ್ದದ ಮುನ್ನುಡಿಗೆ ಕತ್ತರಿ ಬಿತ್ತು. ಓದಿದವರು ಯಾರೂ ಅದನ್ನು ಕೇಳಲಿಲ್ಲ, ಬಿಡಿ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆಯ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಪುಕ್ಕಟೆ ಕೊಡುತ್ತದೆ, ಸುಮ್ನೆ ಯಾರಿಗೂ ದುಡ್ಡು ಕೊಡಬೇಡಿ.

ಖರ್ಚು ಮಾತ್ರ ಪ್ರೆಸ್‌ನಲ್ಲೇ ಜಾಸ್ತಿ. 300 ಪ್ರತಿಗೆ 27,000 ರೂಪಾಯಿ, ಒಂದೇ ಸಲ. ಯೂನಿಕೋಡ್‌ನಲ್ಲೇ ಬರೆಯುವವರು, ಓದುಗರು ದೂರದೂರಲ್ಲಿ ಇರುವವರು ಆನ್‌ಲೈನ್ ನೋಡಬಹುದು. ನನ್ನ ಓದುಗರೆಂದರೆ ನೆಂಟರು, ಹಳೇ ಆಫೀಸಿನವರು. ಗೃಹಪ್ರವೇಶ, ನಾಮಕರಣಕ್ಕೆ ಹೋದಾಗ ಚೀಲದಲ್ಲಿ ನಾಲ್ಕು ಪ್ರತಿ ಇರಬೇಕು, ಅಲ್ವಾ?

ಉಳಿದವು ಮಂಚದ ಕೆಳಗಿವೆ. ಗುಡಿಸುವಾಗೆಲ್ಲ ಹೆಂಡತಿ ಇನ್ನೆಷ್ಟಿದೆ ಎಂದು ಕೇಳುತ್ತಾಳೆ. ಈ ವಾರದ ಲೆಕ್ಕ, ನೂರ ನಲವತ್ತು.