ಸಬ್ ಕಟ್ಟುವ ರ‍್ಯಾಚೆಟ್ ಬೆಲ್ಟ್: ಒಂದು ವರ್ಷ ಬಳಸಿದ ಮೇಲೆ

ಹೋದ ವರ್ಷ ಒಂದು ಸೌಂಡ್ ಚೆಕ್‌ನಲ್ಲಿ ಒಂದರ ಮೇಲೊಂದು ಪೇರಿಸಿದ್ದ ಸಬ್‌ಗಳಲ್ಲಿ (ಬಾಸ್ ಸದ್ದು ಕೊಡುವ ದೊಡ್ಡ ಸ್ಪೀಕರ್ ಬಾಕ್ಸ್) ಮೇಲಿನದು ತಾನಾಗಿಯೇ ನಾಲ್ಕು ಬೆರಳು ಮುಂದೆ ಬಂದಿತ್ತು. ಯಾರೂ ಮುಟ್ಟಿರಲಿಲ್ಲ. ಕಿಕ್ ಡ್ರಮ್ ಒಂದನ್ನೇ ಹತ್ತು ನಿಮಿಷ ಬಾರಿಸಿದ್ದೆವು, ಅಷ್ಟೇ. ಆಗ ಕಟ್ಟಿದ್ದು ಬಕಲ್ ಒತ್ತಿ ಎಳೆಯುವ ತೆಳ್ಳನೆ ಬೆಲ್ಟ್. ನೋಡಲು ಬಿಗಿಯಾಗೇ ಇತ್ತು, ಒಳಗೆ ಬೆರಳು ತೂರಿಸಿದರೆ ಸರಾಗವಾಗಿ ಹೋಯಿತು. ಆ ರಾತ್ರಿಯೇ ಹೊಸದು ತರಿಸಿದೆ: 50 ಮಿ.ಮೀ. ಅಗಲದ, ಕೊಕ್ಕೆ ಇಲ್ಲದ, ಒಂದೇ ತುಂಡಿನ ರ‍್ಯಾಚೆಟ್ ಬೆಲ್ಟ್ (ಹಿಡಿಕೆ ಆಡಿಸಿದಂತೆ ಹಲ್ಲಿನ ಚಕ್ರ ಬಿಗಿಯುತ್ತಾ ಹೋಗುವಂಥದ್ದು), ನಾಲ್ಕರ ಸೆಟ್.

ಕೊಕ್ಕೆ ಬೇಡ ಅಂದದ್ದಕ್ಕೆ ಕಾರಣ ಇದೆ. ಸಬ್‌ನಲ್ಲಿ ಕೊಕ್ಕೆ ಹಾಕಲು ಜಾಗವೇ ಇರುವುದಿಲ್ಲ. ಕೊಕ್ಕೆ ಕೈಗೆ ಸಿಕ್ಕರೆ ನಮ್ಮ ಹುಡುಗರು ಹ್ಯಾಂಡಲ್‌ಗೇ ಸಿಕ್ಕಿಸುತ್ತಾರೆ. ಹ್ಯಾಂಡಲ್ ಇರುವುದು ಇಬ್ಬರು ಸೇರಿ ಎತ್ತಲಿಕ್ಕೆ, ರ‍್ಯಾಚೆಟ್‌ನ ಬಿಗಿತ ತಡೆಯಲಿಕ್ಕಲ್ಲ. ಒಂದೇ ತುಂಡಿನದ್ದಾದರೆ ಎರಡೂ ಬಾಕ್ಸ್‌ಗೆ ಸುತ್ತಿ ಕಟ್ಟಬೇಕು, ಬೇರೆ ದಾರಿಯೇ ಇಲ್ಲ.

ಬೆಲ್ಟ್‌ಗೆ ಹೊಲಿದ ಚೀಟಿ ನೀಲಿ, ಅಂದರೆ ಪಾಲಿಯೆಸ್ಟರ್. ಅದರ ಮೇಲೆ ಎಲ್‌ಸಿ 2500 (ಬಳಕೆಯಲ್ಲಿ ಬೆಲ್ಟ್ ಮೇಲೆ ಬೀಳಬಹುದಾದ ಗರಿಷ್ಠ ಎಳೆತ), ಸುತ್ತಿ ಕಟ್ಟಿದರೆ 5000 ಅಂತಿದೆ. ಲೆಕ್ಕ ಡೆಕಾನ್ಯೂಟನ್‌ನಲ್ಲಿ, ಒಂದು ಡೆಕಾನ್ಯೂಟನ್ ಅಂದರೆ ಸುಮಾರು ಒಂದು ಕೆಜಿ ತೂಕದಷ್ಟು ಬಲ. ಎಲ್ಲರೂ ಆ 5000 ನೋಡಿ ಹಿಗ್ಗುತ್ತಾರೆ. ನಮಗೆ ಬೇಕಾದ ಸಂಖ್ಯೆ ಅದರ ಕೆಳಗೆ ಸಣ್ಣ ಅಕ್ಷರದಲ್ಲಿದೆ: ಎಸ್‌ಟಿಎಫ್ 350. ಕೈಯಿಂದ 50ರಷ್ಟು ಬಲ ಹಾಕಿ ರ‍್ಯಾಚೆಟ್ ಬಿಗಿದರೆ ಬೆಲ್ಟ್‌ನಲ್ಲಿ ಉಳಿಯುವ ಎಳೆತ ಅದು. ಬಾಕ್ಸ್ ಜಾರದಂತೆ ಒತ್ತಿ ಹಿಡಿಯುವುದು ಈ 350ರ ಕೆಲಸ. ಅದೇ ಚೀಟಿಯಲ್ಲಿ ಎತ್ತಲು ಬಳಸಬಾರದು ಅಂತಲೂ ಇದೆ. ಇದರಲ್ಲಿ ಸಬ್ ತೂಗುಹಾಕುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ತೂಗುಹಾಕಲು ಆ ಬಾಕ್ಸ್ ಮಾಡಿದವರೇ ಕೊಟ್ಟ ಬಂಪರ್ (ತೂಗುಹಾಕುವ ಲೋಹದ ಚೌಕಟ್ಟು), ಪಿನ್, ತೂಕ ಅಚ್ಚಾಗಿರುವ ಶ್ಯಾಕಲ್ (ಪಿನ್ ಹಾಕಿ ಮುಚ್ಚುವ ಯು ಆಕಾರದ ಕೊಂಡಿ) ಬೇಕು.

ಬಳಕೆಯಲ್ಲಿ ಹೇಗಿದೆ? ಜಾರುವುದು ಪೂರ್ತಿ ನಿಂತಿದೆ. ಎರಡು ಬಾಕ್ಸ್ ನಡುವೆ ರಬ್ಬರ್ ಶೀಟ್ ಹಾಕಿ, ಮೇಲೆ ಎರಡು ಬೆಲ್ಟ್ ಬಿಗಿದರೆ ಕಾರ್ಯಕ್ರಮ ಮುಗಿಯುವವರೆಗೆ ಚಾಕ್ ಗೆರೆ ಇದ್ದಲ್ಲೇ ಇರುತ್ತದೆ. ಹೌದು, ನಾನು ಚಾಕ್ ಗೆರೆ ಎಳೆಯುತ್ತೇನೆ. ಎರಡೂ ಬಾಕ್ಸ್ ಸೇರುವ ಕಡೆ ಅಡ್ಡಲಾಗಿ ಒಂದು ಗೀಟು. ಕತ್ತಲಲ್ಲೂ ಟಾರ್ಚ್ ಬಿಟ್ಟರೆ ಸಾಕು, ಸರಿದಿದ್ದರೆ ತಕ್ಷಣ ಗೊತ್ತಾಗುತ್ತದೆ. ಸೌಂಡ್ ಚೆಕ್ ಆದ ಮೇಲೆ ರ‍್ಯಾಚೆಟ್ ಇನ್ನೊಂದೆರಡು ಹಲ್ಲು ಬಿಗಿಯಲು ಸಿಗುತ್ತದೆ, ಅದನ್ನು ಮರೆಯಬೇಡಿ.

ತಕರಾರೂ ಇದೆ. ರ‍್ಯಾಚೆಟ್ ಹಿಡಿಕೆ ಬಾಸ್ ಬಂದಾಗ ಗಲಗಲ ಅನ್ನುತ್ತದೆ. ಅದನ್ನು ಹಿಂಭಾಗಕ್ಕೆ ತಿರುಗಿಸಿ ಹಳೇ ಕಾಲುಚೀಲ ತೊಡಿಸಿದ್ದೇನೆ, ನೋಡಿದವರು ನಗುತ್ತಾರೆ. ಗಾಳಿಗೆ ಬೆಲ್ಟ್ ಪಟಪಟ ಹೊಡೆದುಕೊಳ್ಳುತ್ತದೆ, ಅದಕ್ಕೆ ಅರ್ಧ ಸುತ್ತು ತಿರುಚಿ ಕಟ್ಟಿದರೆ ಸರಿಹೋಗುತ್ತದೆ. ಮೂಲೆಗೆ ಹಾಕುವ ಪ್ಲಾಸ್ಟಿಕ್ ಕಾಪು ಸೆಟ್‌ನಲ್ಲಿ ಇರಲೇ ಇಲ್ಲ. ಮೊದಲ ದಿನ ಕಾಪು ಇಲ್ಲದೆ ಬಿಗಿದು ಒಂದು ಬಾಕ್ಸ್‌ನ ಅಂಚಿನ ಬಣ್ಣ ಕಿತ್ತೆ, ಬೆಲ್ಟ್‌ನ ಅಂಚಲ್ಲೂ ನೂಲು ಎದ್ದಿತು. ಅಂಚು ಹರಿದ ಬೆಲ್ಟ್ ಸುಮ್ನೆ ಇಟ್ಟುಕೊಂಡರೆ ಯಾರಾದರೂ ಬಳಸಿಯೇ ಬಿಡುತ್ತಾರೆ. ಕತ್ತರಿಸಿ ಎಸೆದೆ. ನಾಲ್ಕು ಮೂರಾಯಿತು.

ಇನ್ನೊಂದು ವಿಷಯ ಬೆಲ್ಟ್‌ನ ತಪ್ಪಲ್ಲ, ಆದರೂ ಹೇಳಲೇಬೇಕು. ಕಟ್ಟಿದ್ದೇವೆ, ಇನ್ನು ಬೀಳಲ್ಲ ಅಂತ ನಾನೂ ನಂಬಿದ್ದೆ. ಲೆಕ್ಕ ಹಾಕಿ ನೋಡಿ. 60 ಕೆಜಿ ತೂಕದ, 60 ಸೆಂ.ಮೀ. ಎತ್ತರ, 60 ಸೆಂ.ಮೀ. ಆಳದ ಒಂದು ಬಾಕ್ಸ್. ಅದರ ಮೇಲಂಚನ್ನು ಹಿಂದಿನಿಂದ ತಳ್ಳಿ ಉರುಳಿಸಲು ಸುಮಾರು 30 ಕೆಜಿಯಷ್ಟು ಬಲ ಬೇಕು. ಎರಡು ಪೇರಿಸಿ ಕಟ್ಟಿ, ತುದಿಯಲ್ಲಿ ತಳ್ಳಿದರೆ? ಆಗಲೂ 30. ಮೂರಾದರೂ 30. ತೂಕ ಏರಿದಷ್ಟೇ ಎತ್ತರವೂ ಏರುತ್ತದೆ, ಅಲ್ವಾ? ನೆಲ ವಾರೆಯಿದ್ದರೆ ಇನ್ನೂ ಕಷ್ಟ. ಒಂದೇ ಬಾಕ್ಸ್ ಉರುಳಲು ನೆಲ 45 ಡಿಗ್ರಿ ವಾಲಬೇಕು, ಮೂರರ ಕಂಬಕ್ಕೆ 18 ಡಿಗ್ರಿ ಸಾಕು. ಬೆಲ್ಟ್ ಬಾಕ್ಸ್‌ಗಳನ್ನು ಒಂದಕ್ಕೊಂದು ಹಿಡಿಯುತ್ತದೆ, ನೆಲಕ್ಕೆ ಹಿಡಿಯುವುದಿಲ್ಲ.

ಹಾಗಾಗಿ ಈಗ ಎರಡಕ್ಕಿಂತ ಜಾಸ್ತಿ ಪೇರಿಸುವುದಿಲ್ಲ. ಕೆಳಗೆ ಬಾಕ್ಸ್‌ಗಿಂತ ಅಗಲವಾದ ದಪ್ಪ ಪ್ಲೈವುಡ್ ಹಲಗೆ ಹಾಕಿ, ಮಟ್ಟ ನೋಡಿ, ಬೆಲ್ಟನ್ನು ಹಲಗೆಯ ಅಡಿಯಿಂದಲೇ ಸುತ್ತುತ್ತೇನೆ. ಚಕ್ರ ಇರುವ ಬಾಕ್ಸ್ ಆದರೆ ಮೊದಲು ಚಕ್ರ ಬಿಚ್ಚಬೇಕು.

ಬೆಲ್ಟ್ ಚೆನ್ನಾಗಿದೆ, ತಗೊಳ್ಳಿ. ಎರಡು ಬಾಕ್ಸ್‌ಗೆ 50 ಮಿ.ಮೀ. ಜಾಸ್ತಿಯಾಯಿತು, ಭಾರ, ಸುತ್ತಿಡುವುದೂ ತಲೆನೋವು. ಎಸೆದ ನಾಲ್ಕನೆಯದರ ಬದಲಿಗೆ ನಾನು ತರಿಸಿರುವುದು 35 ಮಿ.ಮೀ.ದು, ಜೊತೆಗೆ ಎಂಟು ಮೂಲೆ ಕಾಪು.